ಮದ್ದೂರಿಗೆಂದು ಕಾದಿರಿಸಿದ ಬ್ರೇಕು

"ಬ್ರೇಕು ಅಂದ್ರೆ ಏನು ಮಹಾ! ನಾಕು ರಬ್ಬರ್ ಬಿರಡೆ, ಒಂದಿಷ್ಟು ಎಣ್ಣೆ. ನಾನೇ ಬಿಚ್ಚಿ ಜೋಡಿಸ್ತೀನಿ!" ಎಂದು ಮಂಡ್ಯದ ನಮ್ಮ ಹಿತ್ತಿಲಲ್ಲಿ ನಿಂತು ಘೋಷಿಸಿದೆ. ಯುದ್ಧದ ಕಾಲ. ಯಾರೋ ಮಾರಿದ ಹಳೇ ಕಾರೊಂದನ್ನು ಕೊಂಡು, ಕೂಪನ್ನಿನ ಪೆಟ್ರೋಲು ಕೂಡಿಟ್ಟಿದ್ದೆ. ಕಾರೇನೋ ಹೊರಡುತ್ತಿತ್ತು, ನಿಲ್ಲುತ್ತಿರಲಿಲ್ಲ, ಅಷ್ಟೇ.

ಮಳವಳ್ಳಿಯಲ್ಲಿ ನಾದಿನಿಗೆ ಮಡಿಲು ತುಂಬುವ ಶಾಸ್ತ್ರವಿತ್ತು. ಮದುವೆಯಾದಂದಿನಿಂದ ಹೆಂಡತಿಯ ತವರಿನ ಒಂದು ಶುಭಕಾರ್ಯಕ್ಕೂ ನಾನು ಜೊತೆಯಲ್ಲಿ ಹೋದವನಲ್ಲ. ಈ ಸಲ ಕಾರಿನಲ್ಲೇ ಕರೆದೊಯ್ಯುತ್ತೇನೆಂದು ಮಾತು ಕೊಟ್ಟಿದ್ದೆ.

"ಬಸ್ಸಲ್ಲೇ ಓಗಣ. ನೀವು ಬಂದ್ರೆ ಸಾಕು ಕಣ್ರೀ," ಎಂದಳು ನನ್ನ ಹೊಂಬಾಳಮ್ಮ.

"ಬಸ್ಸಾ? ಕಾರಿಟ್ಕೊಂಡು ನಾನಾ?"

ಚಕ್ರ ಬಿಚ್ಚಿದೆ. ಒಳಗಿನ ರಬ್ಬರ್ ಬಿರಡೆಗಳು ಶುಭ್ರವಾಗಲೆಂದು ಸೀಮೆಎಣ್ಣೆಯಲ್ಲಿ ನೆನೆಹಾಕಿದೆ. ಬೆಳಗಾಗುವಷ್ಟರಲ್ಲಿ ನೆನೆದ ಅವರೆಕಾಳಿನಂತೆ ಊದಿಕೊಂಡಿದ್ದವು!

"ಬಸ್ರಿ ಆಗಿರೋದು ನನ್ ತಂಗೀನಾ, ಇವಾ?" ಎಂದಳು.

"ಬಿಗಿಯಾಗಿ ಕೂತ್ರೆ ಬ್ರೇಕು ಚೆನ್ನಾಗಿ ಹಿಡೀತದೆ, ಸುಮ್ನಿರು!" ಎಂದು ಗುದ್ದಿ ಗುದ್ದಿ ತುರುಕಿದೆ.

ಬಳೆ, ಅಕ್ಕಿ, ಬೆಲ್ಲದ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವಳು ಕೂತಳು. ಹೊರಟೆವು. ಅಂಥ ಅಮೋಘ ಬ್ರೇಕನ್ನು ದಾರಿಯ ಎಮ್ಮೆಗಳಿಗೆ ಖರ್ಚು ಮಾಡುವುದೇ? ಹಾರನ್ನಿನಲ್ಲೇ ಸುಧಾರಿಸಿಕೊಂಡು, ಬ್ರೇಕನ್ನು ಮದ್ದೂರಿನ ಜನಕ್ಕೆಂದೇ ಕಾದಿರಿಸಿದೆ. ಹೋಟೆಲ್ ಮುಂದೆ, ವಡೆ ತಿನ್ನುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಭರ್ಜರಿಯಾಗಿ ತುಳಿದೆ.

ಕಾರು ನಿಂತಿತು. ನಿಂತೇಬಿಟ್ಟಿತು! ಕಾಲು ತೆಗೆದರೂ ಬ್ರೇಕು ಬಿಡಲಿಲ್ಲ. ವಡೆ ಬಿಟ್ಟು ಎದ್ದು ಬಂದವರೆಲ್ಲ ಸೇರಿ ತಳ್ಳಿದರು. ಒಂದು ಗೇಣೂ ಅಲುಗಲಿಲ್ಲ.

ಅಷ್ಟರಲ್ಲಿ ಮಳವಳ್ಳಿ ಬಸ್ಸು ಬಂತು.

"ಬನ್ನಿ, ಅತ್ಕಳಣ. ಶಾಸ್ತ್ರದ ಒತ್ತಾಯ್ತು."

"ಕಾರು ಬಿಟ್ಟು ಬರೋದಾ? ಯಾರಾದ್ರೂ ಹೊಡ್ಕೊಂಡು ಹೋದ್ರೆ?"

ಅವಳು ಗಂಟು ಎತ್ತಿಕೊಂಡು ಒಬ್ಬಳೇ ಬಸ್ಸು ಹತ್ತಿದಳು.

ಬಿಸಿಲಲ್ಲಿ ಕಾವಲು ನಿಂತೆ. ಹತ್ತಿರ ಬಂದವರಿಗೆಲ್ಲ "ಮುಟ್ಟಬೇಡ್ರಯ್ಯ!" ಎಂದು ಗದರಿದೆ. ಈ ಸಲವೂ ಅವಳನ್ನು ಒಬ್ಬಳನ್ನೇ ಕಳಿಸಿದೆನಲ್ಲ!

ಸಂಜೆಯ ಬಸ್ಸಿನಿಂದ ಇಳಿದವಳು ಎಲೆಯಲ್ಲಿ ಸುತ್ತಿದ ಒಬ್ಬಟ್ಟನ್ನು ನನ್ನ ಕೈಗಿಟ್ಟಳು.

"ನನ್ನ ಕೇಳಿದ್ರಾ?"

"ಕೇಳುದ್ರು. ಅಪ್ಪ ನಿಮ್ಗೂ ಎಲೆ ಆಕ್ಸಿದ್ರು. ಕೊನೇಗಂಟ ಕಾದು ಎತ್ಸುದ್ರು."

ಒಬ್ಬಟ್ಟನ್ನು ಮತ್ತೆ ಎಲೆಯಲ್ಲೇ ಸುತ್ತಿಟ್ಟೆ. "ಏನು ಮಾಡ್ಲಿ ಹೇಳು, ಕಾರು ಕಾಯ್ಬೇಕಿತ್ತಲ್ಲ," ಎಂದು ತೊದಲಿದೆ.

ಹೊಂಬಾಳಮ್ಮ ಕಾರನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು.

"ಅಲ್ಲಾ ಕಣ್ರೀ, ಮದ್ದೂರೇ ಸೇರಿ ತಳ್ಳುದ್ರೂ ಅಲುಗ್ದಿದ್ ಕಾರ ಯಾವ ಕಳ್ಳ ಒಡ್ಕಂಡ್ ಓಗ್ತಿದ್ದ?"