ಬೆಂಚಿಗೊಂದು ವಿಶೇಷಣ

ಮದುವೆಗೆ ಮುಂಚಿನಿಂದಲೂ ಇಂಗ್ಲಿಷ್ ಮೇಷ್ಟ್ರಿಗೆ ಅಂಟಿಕೊಂಡಿದ್ದ ವಿಶೇಷಣ ಒಂದೇ: ಹಂಗಾಮಿ. ಅದು ಕಳಚಬೇಕಾದರೆ ಇನ್‌ಸ್ಪೆಕ್ಟರ್ ಸಾಹೇಬರು ಇವತ್ತು ಅವರ ಪಾಠ ನೋಡಿ ಮೆಚ್ಚಬೇಕು.

"ಕಾಯಂ ಆಯ್ತು ಅಂತಲೇ ಪಕ್ಕದ ಮನೆ ಅಕ್ಕನಿಗೆ ಹೇಳಿಬಿಟ್ಟಿದ್ದೀನಿ ರೀ," ಎಂದು ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಮೇಷ್ಟ್ರು ತಿಂಡಿ ಅರ್ಧಕ್ಕೇ ಬಿಟ್ಟು ಅಂಗಿ ತೊಟ್ಟು ಹೊರಟರು.

ಪಾಠವೋ, ಇಂಗ್ಲಿಷಿನಲ್ಲಿ ನಾಮಪದದಿಂದ ವಿಶೇಷಣ ಮಾಡುವುದು. ನಿಯಮ ಮಕ್ಕಳ ತಲೆಗೆ ಹತ್ತಲಿಲ್ಲ. ಕೊನೆಗೆ ಮೇಷ್ಟ್ರು ಬೆಂಚಿಗೊಂದು ಪದ ಹಂಚಿ ಉರು ಹೊಡೆಸಿದ್ದರು. ಮೊದಲ ಬೆಂಚಿಗೆ ಬ್ಯೂಟಿಫುಲ್, ಎರಡನೆಯದಕ್ಕೆ ಡೇಂಜರಸ್, ಮೂರನೆಯದಕ್ಕೆ ಫೂಲಿಷ್, ಕಿಟಕಿ ಪಕ್ಕ ಒಬ್ಬಳೇ ಕೂರುವ ಹುಡುಗಿಗೆ ಹೋಪ್‌ಫುಲ್. ಪಕ್ಕದ ಬೆಂಚಿನ ಗೊಡವೆ ಯಾರಿಗೂ ಇರಲಿಲ್ಲ.

ಗಂಟೆ ಹೊಡೆಯುತ್ತಲೇ ಡ್ರಿಲ್ ಮೇಷ್ಟ್ರು ಓಡಿಬಂದರು. "ಗೇಟಲ್ಲಿ ಕೋಟು ಹಾಕ್ಕೊಂಡೋರು ನಿಂತಿದ್ದಾರೆ. ಸಾಹೇಬ್ರು ಬಂದ್ಬಿಟ್ರು."

ಹೆಡ್‌ಮೇಷ್ಟ್ರು ಬೆವರುತ್ತ ತರಗತಿಗೆ ನುಗ್ಗಿದರು. "ಗಿಡ್ಡ ಇರೋರು ಮುಂದೆ, ಉದ್ದ ಇರೋರು ಹಿಂದೆ. ನೋಡೋಕೆ ಚೆನ್ನಾಗಿರಬೇಕು." ಎಲ್ಲರನ್ನೂ ಎಬ್ಬಿಸಿ ಅದಲುಬದಲು ಮಾಡಿ ಕೂರಿಸಿದರು. ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಕೋಟಿನವರು ಹಿಂದಿನ ಕುರ್ಚಿಯಲ್ಲಿ ಕೂತಾಗಿತ್ತು.

ಮೇಷ್ಟ್ರು ಮೊದಲ ಬೆಂಚಿಗೆ ಕೈ ತೋರಿಸಿದರು. "ಬ್ಯೂಟಿ?"

"ಡೇಂಜರಸ್ ಸಾರ್."

"ಡೇಂಜರ್?"

"ಫೂಲಿಷ್ ಸಾರ್."

ಹೆಡ್‌ಮೇಷ್ಟ್ರು ಹಣೆ ಚಚ್ಚಿಕೊಂಡರು. "ಹೋಪ್?" ಎಂದಾಗ ಯಾರೂ ಏಳಲೇ ಇಲ್ಲ. ಆ ಪದದ ಹುಡುಗಿಗೆ ಜ್ವರ. ಮೇಷ್ಟ್ರು ಸೀಮೆಸುಣ್ಣ ಮೇಜಿನ ಮೇಲಿಟ್ಟರು. ಇಷ್ಟು ವರ್ಷದ ಕಾಯುವಿಕೆ ನೀರಿನಲ್ಲಿ ಹೋಮವಾಯಿತು.

ಕೋಟಿನವರು ಎದ್ದು ಬಂದು ಮೆಲ್ಲಗೆ ಹೇಳಿದರು: "ಸಾರ್, ನಾನು ಇನ್‌ಸ್ಪೆಕ್ಟರ್ ಅಲ್ಲ."

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಸಾಹೇಬರು ಬರುವಷ್ಟರಲ್ಲಿ ಮಕ್ಕಳನ್ನು ಮತ್ತೆ ಅವರವರ ಜಾಗಕ್ಕೆ ಕೂರಿಸಿದರಾಯಿತು.

"ಈ ಕ್ಲಾಸಿಗೆ ಕಾಯಂ ಮೇಷ್ಟ್ರಾಗಿ ಬಂದಿದ್ದೀನಿ. ಇವತ್ತೇ ಸೇರ್ಕೋಬೇಕಂತೆ. ಬಂದ ತಕ್ಷಣ ಇವ್ರು ನನ್ನನ್ನ ಮಾತಾಡೋಕೇ ಬಿಡಲಿಲ್ಲ."

ಹೆಡ್‌ಮೇಷ್ಟ್ರು ನೆಲ ನೋಡಿದರು. ಹೊಸಬರಿಗೂ ಪಾಪ, ಹಣೆಯಲ್ಲಿ ಬೆವರು.

"ಮಧ್ಯಾಹ್ನ ಸಾಹೇಬ್ರು ಬರ್ತಾರಂತಲ್ಲ. ಯಾರಿಗೆ ಯಾವ ಪದ ಬರುತ್ತೆ ಅಂತ ಸ್ವಲ್ಪ ಹೇಳಿ ಹೋಗ್ತೀರಾ ಸಾರ್?"

ಮೇಷ್ಟ್ರಿಗೆ ಹೊಟ್ಟೆ ಉರಿಯಿತು, ಅಳುವೂ ಬಂತು. ಆದರೂ ಒಬ್ಬೊಬ್ಬರನ್ನೇ ಹೆಗಲು ಹಿಡಿದು ಹಳೆಯ ಬೆಂಚಿನಲ್ಲಿ ಕೂರಿಸಿದರು.

"ಕಿಟಕಿ ಪಕ್ಕ ಖಾಲಿ ಬಿಡಿ," ಎಂದರು. "ಹೋಪ್ ಆ ಹುಡುಗೀದು. ಜ್ವರ ಇಳಿದ್ಮೇಲೆ ಬರ್ತಾಳೆ."

ಆಮೇಲೆ ಅಂಗಿಗೆ ಬಿದ್ದ ಸೀಮೆಸುಣ್ಣದ ಪುಡಿ ಕೊಡವಿಕೊಂಡು, ಪಕ್ಕದ ಮನೆ ಅಕ್ಕನಿಗೆ ಏನು ಹೇಳುವುದೆಂದು ಯೋಚಿಸುತ್ತ ಮನೆಯ ಕಡೆ ಹೊರಟರು.