ನಾನು ಓದದೆ ಬಿಟ್ಟ ಇರುವೆಗಳು

ಓದಿನ ಹೆಸರು ಉದ್ದವಾದಷ್ಟೂ ಅದನ್ನು ಮನೆಯವರಿಗೆ ತಿಳಿಸಿ ಹೇಳುವ ಕಷ್ಟ ಹೆಚ್ಚು ಎಂಬುದು ನನ್ನ ಅನುಭವ. ನಾನು ಪದವಿಗೆ ಆರಿಸಿಕೊಂಡದ್ದು ಸಮಗ್ರ ಜೀವಶಾಸ್ತ್ರ. ಗಿಡ, ಪ್ರಾಣಿ, ಸೂಕ್ಷ್ಮಜೀವಿ ಎಂದು ಬೇರೆ ಮಾಡದೆ ಎಲ್ಲವನ್ನೂ ಕೂಡಿಸಿ ಓದುವುದು. ನಿಪ್ಪಾಣಿ ಹತ್ತಿರದ ನಮ್ಮೂರು ಭೋಜದಲ್ಲಿ ಮನೆಯ ಕಟ್ಟೆಯ ಮೇಲೆ ಕುಳಿತು ಇದನ್ನು ವಿವರಿಸಿದಾಗ ಕಾಕಾ ಗಂಭೀರವಾಗಿ ಕೇಳಿದರು, “ಅಂದ್ರ ದನದ ಡಾಕ್ಟರೋ, ಮಂದಿ ಡಾಕ್ಟರೋ?” ಎರಡೂ ಅಲ್ಲ ಎಂದೆ. “ಹಂಗಾದ್ರ ಎಮ್ಮಿಗೆ ಜ್ವರಾ ಬಂದ್ರೂ ನಿನ್ನ ಕರಿಯಂಗಿಲ್ಲ, ನಮಗ ಬಂದ್ರೂ ಕರಿಯಂಗಿಲ್ಲ. ಛಲೋ ಆತು, ಆರಾಮ ಓದು,” ಎಂದು ಅಪ್ಪಣೆ ಕೊಟ್ಟರು.

ಆರಾಮವಾಗಿಯೇ ಓದುತ್ತಿದ್ದೆ, ಕೊನೆಯ ವರ್ಷದ ಪ್ರಾಜೆಕ್ಟ್ ಬರುವವರೆಗೆ. ನನಗೆ ಇರುವೆಗಳ ಹುಚ್ಚು. ರೊಟ್ಟಿಯ ಚೂರನ್ನು ಅವು ಎಳೆದಾಡುವುದನ್ನು ನೋಡುತ್ತ ನಿಂತು ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡಿದ್ದೇನೆ. ಇದು ಗೊತ್ತಿದ್ದ ನಮ್ಮ ಮೇಡಂ, “ಕಬ್ಬಿನ ಹೊಲದ ಇರುವಿ ಮ್ಯಾಲೆ ಮಾಡವಾ, ನಿಮ್ಮ ಹೊಲಾನ ಐತಲ್ಲ,” ಎಂದರು. ಆದರೆ ಹಿಂದಿನ ವರ್ಷದವರು ಹುಳಗಳನ್ನು ಹಿಡಿದು ಸ್ಪಿರಿಟ್ ತುಂಬಿದ ಸೀಸೆಗೆ ಹಾಕಿದ್ದನ್ನು ನಾನು ಕಂಡಿದ್ದೆ. ನಮ್ಮದು ಜೈನರ ಮನೆ. ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ನೆಲದ ಮೇಲೆ ಇರುವೆ ಸಾಲು ಕಂಡರೆ ಅದು ದಾಟುವ ತನಕ ಸೊಸೆಯರಿಗೆ ಕಸ ಹೊಡೆಯಲು ಬಿಡುವವಳಲ್ಲ. ಅವಳದೇ ಹೊಲದಲ್ಲಿ ಈ ಕೆಲಸ ಮಾಡುವುದು ಹೇಗೆ? ನನ್ನಷ್ಟಕ್ಕೆ ನಾನೇ ತೀರ್ಮಾನಿಸಿ, ದ್ರಾಕ್ಷಿ ಎಲೆ ಉಸಿರಾಡುವ ಸಣ್ಣ ರಂಧ್ರಗಳನ್ನು ಆರಿಸಿಕೊಂಡೆ. ಇರುವೆಗಳು ಗೆಳತಿ ಸುಜಾತಾಳ ಪಾಲಾದವು.

ಎಲೆಗೆ ಉಗುರುಬಣ್ಣ ಹಚ್ಚಿ, ಒಣಗಿದ ಮೇಲೆ ಸುಲಿದು, ಆ ಪೊರೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ನನ್ನ ಚೀಲದಲ್ಲಿ ಉಗುರುಬಣ್ಣದ ಬಾಟಲಿಗಳನ್ನು ಕಂಡ ಅವ್ವ, ಮಗಳಿಗೆ ಕೊನೆಗೂ ಮದುವೆಯ ಮನಸ್ಸಾಗಿದೆ ಎಂದು ತಿಳಿದು ಅಥಣಿಯ ದ್ರಾಕ್ಷಿ ತೋಟದವರೊಬ್ಬರಿಗೆ ಸುದ್ದಿ ಕಳಿಸಿಯೇಬಿಟ್ಟಳು. ಹುಡುಗ ನೋಡಲು ಬಂದ. ನಾನು ಅವನ ತೋಟದ ಎಲೆ ಕೇಳಿದೆ. ಎಲೆಗಳು ಬಂದವು, ಹುಡುಗ ಮತ್ತೆ ಬರಲಿಲ್ಲ. ಅದಕ್ಕೆ ನನಗೇನೂ ವ್ಯಥೆಯಿಲ್ಲ.

ವ್ಯಥೆ ಇರುವುದು ಇರುವೆಗಳದ್ದು. ಸುಜಾತಾ ಈಗ ದೂರದ ಕಾಡೊಂದರಲ್ಲಿ ಅವುಗಳನ್ನೇ ಅಭ್ಯಾಸ ಮಾಡುತ್ತಿದ್ದಾಳೆ. ನಾನು ನಿಪ್ಪಾಣಿಯ ಟ್ಯೂಷನ್ನಿನಲ್ಲಿ ಹೂವಿನ ಭಾಗಗಳನ್ನು ಬಾಯಿಪಾಠ ಮಾಡಿಸುತ್ತೇನೆ. ಮೊನ್ನೆ ಅವಳು ಕಳಿಸಿದ ಇರುವೆಯ ಫೋಟೊವನ್ನು ಫೋನಿನಲ್ಲಿ ದೊಡ್ಡದು ಮಾಡಿ ಆಯಿಗೆ ತೋರಿಸಿದೆ. “ಅಯ್ಯ, ಇದರ ಮಾರಿ ಎಷ್ಟ ಚಂದ ಐತಿ! ನೀ ಯಾಕ ಇದನ್ನ ಓದಲಿಲ್ಲ?” ಎಂದಳು. ಕಾರಣ ಹೇಳಿದೆ. ಆಯಿ ಫೋನನ್ನು ನನ್ನ ಕೈಗೆ ಮರಳಿಸಿದಳು.

“ನನ್ನ ಒಂದ ಮಾತು ಕೇಳಿದ್ಯೇನವಾ?”

“ಕೇಳಿದ್ರ ಬ್ಯಾಡ ಅಂತಿದ್ದಿ.”

“ಕೊಲ್ಲಬ್ಯಾಡ ಅಂತಿದ್ದೆ. ನೋಡಬ್ಯಾಡ ಅಂತಿದ್ನೇನು?”

ತಡೆಯಲಾರದೆ ಮೇಡಂಗೆ ಫೋನು ಮಾಡಿದೆ. ಕೊಲ್ಲದೆಯೂ ಆ ಪ್ರಾಜೆಕ್ಟ್ ಮಾಡಬಹುದಿತ್ತೇ ಎಂದು ಕೇಳಿದೆ. “ಮಾಡಬಹುದಿತ್ತಲ್ಲ. ಫೋಟೊ ತಗದು ಬಿಟ್ಟಬಿಟ್ರ ಆಗಿತ್ತು. ನಿನಗ ಇರುವಿ ಮ್ಯಾಲಿನ ಆಸೆ ಹೋತು ಅಂತ ನಾ ತಿಳಕೊಂಡಿದ್ದೆ,” ಎಂದರು. ಜೀವಿಗಳು ಒಂದಕ್ಕೊಂದು ಸುದ್ದಿ ಮುಟ್ಟಿಸುವ ಬಗೆಯ ಮೇಲೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದು ಭೇಷ್ ಎನಿಸಿಕೊಂಡವಳು ನಾನು. ಅಡುಗೆಮನೆಯಿಂದ ಪಡಸಾಲೆಯಲ್ಲಿ ಕೂತ ಆಯಿಯ ತನಕ ಒಂದೇ ಒಂದು ಪ್ರಶ್ನೆ ಒಯ್ಯಲು ನನ್ನಿಂದಾಗಲಿಲ್ಲ.