ಗುಳ್ಳೆ ತೊಟ್ಟಿ

ಆಪರೇಟರನಿಗೆ ಧೈರ್ಯವೊಂದು ಇರಲಿಲ್ಲ. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಹಿಂದಿನ ಶೆಡ್ಡಿನಲ್ಲಿ ಅವನು ಕೆಲಸಕ್ಕೆ ಸೇರಿ ವಾರವಾಗಿತ್ತು. ಶೆಡ್ಡಿನಲ್ಲಿ ಒಂದು ತೊಟ್ಟಿ, ತೊಟ್ಟಿಯ ತಳದಲ್ಲಿ ಲೋಹದ ತಗಡುಗಳು. ಕರೆಂಟು ಹರಿಸಿದರೆ ತಗಡುಗಳಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳೆದ್ದು ನೀರಿನ ಕೊಳೆಯನ್ನೆಲ್ಲ ಮೇಲಕ್ಕೆ ಹೊತ್ತು ತರುತ್ತಿದ್ದವು. ಹಾಲಿನ ಕೆನೆಯಂತೆ ಅದನ್ನು ಬಳಿದು ತೆಗೆದರೆ ಕೆಳಗೆ ತಿಳಿನೀರು. ಅವನ ಕೆಲಸ ಅಷ್ಟೇ.

ಬೆಳಿಗ್ಗೆ ಫಿಟ್ಟರ್ ಬಂದು, ಆ ಗುಳ್ಳೆಯೊಳಗೆ ಏನಿದೆ ಎಂದು ಕೇಳಿದ. ಗಾಳಿ ಎಂದ ಆಪರೇಟರ್.

"ಗಾಳಿ ಅಲ್ವೋ, ಹೈಡ್ರೋಜನ್. ಅದನ್ನ ಹೊರಗೆ ತಳ್ಳೋ ಮೇಲಿನ ಫ್ಯಾನು ನಿಂತು ಒಂದು ಕಿಡಿ ಬಿತ್ತು ಅಂದ್ರೆ, ನಿನ್ನ ಮನೆಗೆ ನಾವು ಬರೀ ಚಪ್ಪಲಿ ಕಳಿಸಬೇಕಾಗುತ್ತೆ."

ಫಿಟ್ಟರ್ ನಗುತ್ತಾ ಹೋದ. ಆಪರೇಟರ್ ತಲೆಯೆತ್ತಿದ. ಫ್ಯಾನು ಮೊಣಕಾಲು ನೋವಿನ ಮುದುಕ ಮೆಟ್ಟಿಲು ಹತ್ತುವಂತೆ ಒಂದು ಸುತ್ತು ಸುತ್ತಿ, ಯೋಚಿಸಿ, ಮತ್ತೊಂದು ಸುತ್ತುತ್ತಿತ್ತು. ಗೋಡೆಯಾಚೆ ಕ್ಯಾಂಟೀನಿನ ಒಲೆ ಬುಸುಗುಡುತ್ತಿತ್ತು. ಗೋಡೆಗೆ ಅಂಗೈ ಇಟ್ಟು ನೋಡಿದ. ಬೆಚ್ಚಗಿತ್ತು. ಮನೆಯಲ್ಲಿ ಹೆಂಡತಿಗೆ ಏಳು ತಿಂಗಳು. ತೊಟ್ಟಿಯ ಸ್ವಿಚ್ಚು ಆರಿಸಿ ಹೊರಗೆ ಹೋಗಿ ನಿಂತ.

ಮಧ್ಯಾಹ್ನದ ಹೊತ್ತಿಗೆ ತೊಟ್ಟಿಯ ನೀರು ಶಾಯಿಯಂತಾಗಿತ್ತು. ಆಗಲೇ ವಾಚ್‌ಮನ್ ಓಡಿಬಂದು, ನೀರು ಪರೀಕ್ಷಿಸುವ ಇನ್ಸ್‌ಪೆಕ್ಟರ್ ಬಂದಿದ್ದಾರೆ, ಮ್ಯಾನೇಜರ್ ಅವರನ್ನು ಇಲ್ಲಿಗೇ ಕರೆತರುತ್ತಿದ್ದಾರೆ ಎಂದ. ಸ್ವಿಚ್ಚು ಹಾಕಿದರೆ ಜೀವ ಹೋಗುತ್ತದೆ, ಹಾಕದಿದ್ದರೆ ಕೆಲಸ ಹೋಗುತ್ತದೆ. ಆಪರೇಟರನ ಕೈ ಸ್ವಿಚ್ಚಿನವರೆಗೆ ಹೋಗಿ ವಾಪಸು ಬಂತು.

ಚಹಾ ತಂದ ಕ್ಯಾಂಟೀನಿನ ಅಕ್ಕ ತೊಟ್ಟಿಯನ್ನೂ ಅವನ ಮುಖವನ್ನೂ ನೋಡಿದಳು.

"ಅಳಬೇಡ್ವೋ ಪೆದ್ದು. ನಮ್ಮ ಕ್ಯಾಂಟೀನಿನ ನಲ್ಲಿ ನೀರು ಇಲ್ವಾ? ಕೊಡಿಲ್ಲಿ ಆ ಸ್ಯಾಂಪಲ್ ಬಾಟಲಿ, ತುಂಬಿಸಿ ತರ್ತೀನಿ."

ಎಲ್ಲ ಕಡೆಯೂ ಹೀಗೇ ಮಾಡುವುದು ಎಂದು ವಾಚ್‌ಮನ್ ಸಮಾಧಾನ ಹೇಳಿದ. ಅವನು ಬೇರೆ ಎಲ್ಲೂ ಕೆಲಸ ಮಾಡಿದವನಲ್ಲ.

ಇನ್ಸ್‌ಪೆಕ್ಟರ್ ಮಾತು ಕಡಿಮೆಯ ಮನುಷ್ಯ. ಒಂದು ಕೈಯಲ್ಲಿ ಚಹಾ ಹಿಡಿದುಕೊಂಡೇ ಬಾಟಲಿಯ ನೀರಿಗೆ ಮೀಟರಿನ ಕಡ್ಡಿ ಅದ್ದಿದರು. ಅಂಕಿ ನೋಡಿದರು. ಕಡ್ಡಿ ಒರೆಸಿ ಮತ್ತೊಮ್ಮೆ ಅದ್ದಿದರು.

"ಫೇಲು," ಎಂದರು.

ಮ್ಯಾನೇಜರ್ ಆಪರೇಟರನ ಕಡೆ ತಿರುಗಿದರು. "ನಾಳೆಯಿಂದ ಬರಬೇಡ ನೀನು."

ಹೋಗುವುದು ಹೇಗೂ ಹೋಯಿತಲ್ಲ ಎಂದು ಆಪರೇಟರನ ಬಾಯಿ ತಾನಾಗಿ ತೆರೆದುಕೊಂಡಿತು. "ಸಾರ್, ಅದು ತೊಟ್ಟಿ ನೀರಲ್ಲ. ಕ್ಯಾಂಟೀನಿನ ನಲ್ಲಿ ನೀರು."

ಮ್ಯಾನೇಜರ್ ಬಾಯಲ್ಲಿದ್ದ ಚಹಾ ನುಂಗಲೂ ಇಲ್ಲ, ಉಗುಳಲೂ ಇಲ್ಲ. ಇನ್ಸ್‌ಪೆಕ್ಟರರ ಕೈಯಿಂದ ಲೋಟ ಜಾರಿ ಒಡೆಯಿತು. ಅಕ್ಕ ಸದ್ದಿಲ್ಲದೆ ಹೋಗಿ ಒಲೆಯ ಮೇಲಿದ್ದ ಪಾತ್ರೆಯ ಚಹಾವನ್ನು ಚರಂಡಿಗೆ ಸುರಿದಳು.

ತೊಟ್ಟಿ ನೀರು ತೋರಿಸು ಎಂದರು ಇನ್ಸ್‌ಪೆಕ್ಟರ್. ಆಪರೇಟರ್ ಕಣ್ಣು ಮುಚ್ಚಿ, ಹೆಂಡತಿಯನ್ನು ನೆನೆದು, ಸ್ವಿಚ್ಚು ಒತ್ತಿದ. ಏನೂ ಸಿಡಿಯಲಿಲ್ಲ. ಗುಳ್ಳೆಗಳೆದ್ದವು, ನೊರೆ ಕಟ್ಟಿತು. ನೊರೆ ಬಳಿದ. ಅರ್ಧ ಗಂಟೆಗೆ ಕೆಳಗಿನ ನೀರು ತಿಳಿಯಾಯಿತು. ಪಾಸಾಯಿತು. ಇನ್ಸ್‌ಪೆಕ್ಟರ್ ಕ್ಯಾಂಟೀನಿನ ನಲ್ಲಿಗೆ ಬೀಗ ಹಾಕಿಸಿ, ಹೊಟ್ಟೆ ಹಿಡಿದುಕೊಂಡು ಹೋದರು.

ಮ್ಯಾನೇಜರ್ ಅವನ ಬೆನ್ನು ತಟ್ಟಿದರು. ಆಪರೇಟರ್ ಆ ದಿನ ಮೊದಲ ಸಲ ಪೂರ್ತಿ ಉಸಿರೆಳೆದುಕೊಂಡ.

"ಕೆಲಸ ಬಿಡಬೇಡ. ಕುಡಿಯೋ ನೀರಿಗೂ ಇಂಥದೇ ಒಂದು ತೊಟ್ಟಿ ಇಡೋಣ, ಅಲ್ಲೇ ಒಲೆ ಪಕ್ಕ ಜಾಗ ಇದೆ. ಎರಡಕ್ಕೂ ನೀನೊಬ್ಬನೇ ಸಾಕು. ಈ ಗೋಡೆ ಒಡೆಸಿಬಿಟ್ರೆ ಕೂತಲ್ಲಿಂದಲೇ ಎರಡೂ ಕಾಣ್ತವೆ."

ಆಪರೇಟರ್ ಹೈಡ್ರೋಜನ್ ಎಂದ, ಕಿಡಿ ಎಂದ, ಕೊನೆಗೆ ಫ್ಯಾನಿನತ್ತ ಬೆರಳು ತೋರಿಸಿದ.

"ಗೋಡೆ ಹೋದ್ಮೇಲೆ ಗಾಳಿ ತಾನಾಗೇ ಆಡುತ್ತೆ. ಫ್ಯಾನು ಯಾಕೆ, ದಂಡ," ಎಂದು ಮ್ಯಾನೇಜರ್ ಅದನ್ನು ಆರಿಸಿದರು.

ಫಿಟ್ಟರ್ ಸುತ್ತಿಗೆ ತಂದ. ಈ ಸಲ ಅವನು ನಗಲಿಲ್ಲ.

ಸಂಜೆಯ ಹೊತ್ತಿಗೆ ಆಪರೇಟರನ ಕೆಲಸ ಉಳಿದಿತ್ತು. ಹೋದದ್ದು ಒಂದು ಪಾತ್ರೆ ಚಹಾ, ಒಂದು ಲೋಟ, ಒಂದು ಗೋಡೆ.